ಊಳಿಡಲೊಲ್ಲದ ದನಿ

ಬೀದಿದೀಪಗಳು ಇನ್ನೂ ಆರಿಲ್ಲ. ತಗಡು ಬಡಿಯುವ ಅಂಗಡಿಯ ಕೆಳಗೊಂದು ನೆಲಮಾಳಿಗೆ. ಅದರಲ್ಲಿ ಹಳೆಯ ಹಾಸಿಗೆಗಳನ್ನು ಗೋಡೆಗೆ ಮೊಳೆ ಹೊಡೆದು ಕೂರಿಸಿದ ಪುಟ್ಟ ಕೋಣೆ. ಆ ಕೋಣೆಯೊಳಗೆ ಐವತ್ತು ದಾಟಿದ ಹೆಂಗಸೊಬ್ಬರು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಮುಖ ಹುದುಗಿಸಿ ಯಾರನ್ನೋ ಗದರುತ್ತಿದ್ದಾರೆ. "ಏಯ್, ಅದು ನನ್ನ ಚಪ್ಪಲಿ. ನಿಂದೆಲ್ಲಿ ಬಿಟ್ಟೆ?"

ಬಕೆಟ್ಟು ಕೆಳಗಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು ಗೋಡೆಗೆ ಮುಖ ಮಾಡಿದರೆ ಅವರೇ ಮುದುಕ. "ನಿಧಾನ ಕಣಪ್ಪ, ನಿಧಾನ. ನನ್ನ ಮೊಣಕಾಲು ನಿನ್ನ ಮಾತು ಕೇಳಲ್ಲ." ಶಾಲಿನ ತುದಿಯನ್ನು ಬಾಯಿಗೆ ಅಡ್ಡ ಹಿಡಿದರೆ ಎಳೆಯ ತಾಯಿ. "ಮಗೂನ ನನಗೆ ಕೊಡು, ನೀನು ಗಂಟು ತಗೋ. ಅಯ್ಯೋ, ಗಂಟು ಬೇಡ, ಮೊದಲು ಮಗು ಕೊಡು." ನಿಂತಲ್ಲೇ ಕಾಲು ಆಡಿಸುತ್ತಾ, ಉಸಿರು ಏರಿಸುತ್ತಾ, ಇಳಿಸುತ್ತಾ ಅವರು ಸುಮಾರು ಅರ್ಧ ಗಂಟೆಯಲ್ಲಿ ಒಂದು ಇಡೀ ಬೀದಿಯ ಜನರಾಗಿಬಿಡುತ್ತಾರೆ.

ಗಾಜಿನ ಆಚೆ ಯಂತ್ರದ ಮುಂದೆ ಕೂತ, ನೆತ್ತಿ ಬೋಳಾಗುತ್ತಿರುವ ಧ್ವನಿ ತಂತ್ರಜ್ಞನನ್ನು ಇಲ್ಲಿ ಎಲ್ಲರೂ ಕರೆಯುವುದು 'ಕಿವಿ' ಎಂದು. ಕಿವಿ ಕೈ ಎತ್ತುತ್ತಾನೆ. ಎದ್ದು ಬಂದು, ಕೋಣೆಯ ಬಾಗಿಲಿಗೆ ಹೊರಗಿನಿಂದ ಹಾಕಿದ ಚಿಲಕ ತೆಗೆಯುತ್ತಾನೆ. ಆ ಬಾಗಿಲಿನ ಮರ ಉಬ್ಬಿ ಹೋಗಿದೆ. ಚಿಲಕ ಹಾಕದಿದ್ದರೆ ತಾನಾಗಿ ಕಿರ್ರೆಂದು ತೆರೆದುಕೊಳ್ಳುತ್ತದೆ. ಒಳಗೆ ಚಿಲಕ ಕೂರಿಸಿದರೆ ಅದು ಮೈಕಿಗೆ ಕೇಳುವಷ್ಟು ಗಲಗಲಿಸುತ್ತದೆ. ಹಾಗಾಗಿ ಪ್ರತಿ ಸಲ ಹೊರಗಿನಿಂದ ಹಾಕುವುದು, ಮುಗಿದ ಮೇಲೆ ಹೊರಗಿನಿಂದ ತೆಗೆಯುವುದು.

"ಅಕ್ಕಾ, ನಿಮ್ಮ ಮುದುಕ ಇವತ್ತು ಸ್ವಲ್ಪ ಜಾಸ್ತಿನೇ ಗೊಣಗಿದ."

"ಮುದುಕ್ರು ಗೊಣಗದೆ ಹಾಡು ಹೇಳ್ತಾರಾ? ನಿನಗೂ ದೂರ ಏನಿಲ್ಲ, ತಲೆ ನೋಡ್ಕೋ."

ಇವರು 'ಗುಂಪಕ್ಕ'. ಹುಟ್ಟಿದಾಗ ಇಟ್ಟ ಹೆಸರು ಬೇರೆ ಇದ್ದರೂ ಅದನ್ನು ಕೂಗಿದರೆ ಸ್ಟುಡಿಯೋದಲ್ಲಿ ಯಾರೂ ತಿರುಗುವುದಿಲ್ಲ, ಅವರೂ ಕೂಡ. ರೇಡಿಯೋ ನಾಟಕದಲ್ಲಿ, ಕಿವಿಗೆ ತಂತಿ ಸಿಕ್ಕಿಸಿಕೊಂಡು ಜನ ಕೇಳುವ ಕತೆಗಳಲ್ಲಿ ಎಲ್ಲಾದರೂ ಸಂತೆ ನೆರೆದರೆ, ಹಡಗು ಮುಳುಗಿದರೆ, ಆಸ್ಪತ್ರೆಯ ಮುಂದೆ ಜನ ಸೇರಿದರೆ, ಆ ಜನ ಬಹುಮಟ್ಟಿಗೆ ಇವರೇ. ಕೊನೆಯಲ್ಲಿ ಕಲಾವಿದರನ್ನು ಒಬ್ಬೊಬ್ಬರಾಗಿ ಹೇಳಿ 'ಮತ್ತಿತರರು' ಎನ್ನುತ್ತಾರಲ್ಲ, ಆ ಮತ್ತಿತರರೂ ಇವರೇ. "ನಾನೊಬ್ಬಳೇ ಹೋಗಿ ಸಂಬಳ ಇಸ್ಕೊಂಡು ಬರ್ತೀನಿ. ಉಳಿದವರು ಯಾರೂ ಪಾಲು ಕೇಳಲ್ಲ, ಪುಣ್ಯಕ್ಕೆ."

ನಗಿಸುತ್ತಾರೆ. ಆದರೆ ಇವತ್ತಿನ ಬೆಳಗು ನಗುವಿನದಲ್ಲ ಎಂಬುದು ಅವರಿಗೂ ಗೊತ್ತು, ಮೂಲೆಯ ಸ್ಟೂಲಿನ ಮೇಲೆ ಉಗುರು ಕಚ್ಚುತ್ತಾ ಕೂತ ನಿರ್ದೇಶಕಿಗೂ ಗೊತ್ತು. ಬಹಳ ಜನ ಮೆಚ್ಚಿದ ಹಳೆಯ ಕಾದಂಬರಿಯೊಂದು ವಾರವಾರ ಧಾರಾವಾಹಿಯಾಗಿ ಬರುತ್ತಿದೆ. ಬರುವ ಭಾನುವಾರದ ಕಂತಿನಲ್ಲಿ ಕತೆಯ ನಾಯಕ, ಒಬ್ಬ ದಳಪತಿ, ನದಿಯಾಚೆಯಿಂದ ಬಂದು ನೆಲೆಸಿದ ಆಚೆದಂಡೆಯವರ ಬೀದಿಗೆ ಬೆಂಕಿ ಇಡಿಸುತ್ತಾನೆ. ಕಾದಂಬರಿಯಲ್ಲಿರುವುದು ಒಂದೇ ಸಾಲು: 'ಬೆಂಕಿ ಕಂಡ ಆ ಹಿಂಡು ನಭ ಬಿರಿಯುವಂತೆ ಊಳಿಟ್ಟಿತು, ದಳಪತಿ ನಕ್ಕನು.' ಈ ಭಾಗ ಈಗಲೂ ಮಕ್ಕಳ ಪಠ್ಯದಲ್ಲಿದೆ. ಮನೆಯಲ್ಲಿ ಬಾಯಿಪಾಠ ಒಪ್ಪಿಸಿಕೊಂಡ ಎಲ್ಲ ಅಪ್ಪ ಅಮ್ಮಂದಿರಿಗೂ ಗೊತ್ತು.

ಗುಂಪಕ್ಕ ಊಳಿಡುವುದಿಲ್ಲ ಎಂದಿದ್ದಾರೆ. ಅವರು ಆಚೆದಂಡೆಯವರ ಮಗಳು. ಬೇಕಿದ್ದರೆ ಆ ಬೀದಿಯ ಜನರ ಮಾತು ಕೊಡುತ್ತೇನೆ, ಇಲ್ಲವಾದರೆ ಬೇರೆಯವರನ್ನು ಕರೆಸಿಕೊಳ್ಳಿ ಎಂದು ಮೂರು ವಾರದ ಹಿಂದೆ ಹೇಳಿ ಮೆಟ್ಟಿಲು ಹತ್ತಿದವರು ಇವತ್ತೇ ಮತ್ತೆ ಇಳಿದು ಬಂದಿರುವುದು. ಈ ನಡುವೆ ನಿರ್ದೇಶಕಿ ಸದ್ದುಗಳ ಭಂಡಾರದಿಂದ ನರಿಗಳ ಕೂಗು ತೆಗೆಸಿ ಇನ್ನೊಂದು ಧ್ವನಿಪಟ್ಟಿ ಸಿದ್ಧ ಮಾಡಿಟ್ಟುಕೊಂಡಿದ್ದಾರೆ. ಮಧ್ಯಾಹ್ನದೊಳಗೆ ಎರಡರಲ್ಲಿ ಒಂದು ಹೋಗಬೇಕು. ಭಾನುವಾರ ಮನೆಮನೆಯಲ್ಲಿ ಆಚೆದಂಡೆಯವರು ಮಾತಾಡುತ್ತಾರೋ ಊಳಿಡುತ್ತಾರೋ ಎಂಬುದು ಈ ನೆಲಮಾಳಿಗೆಯಲ್ಲಿ ತೀರ್ಮಾನವಾಗಬೇಕು.

ಬೆಳಗಿನ ಜಾವವೇ ಯಾಕೆಂದರೆ, ಮೇಲಿನ ಅಂಗಡಿಯವರು ಬಾಗಿಲು ತೆರೆದ ಮೇಲೆ ಸುತ್ತಿಗೆಯ ಸದ್ದಿನಲ್ಲಿ ಯಾವ ಕತೆಯೂ ನಿಲ್ಲುವುದಿಲ್ಲ. ಹಾಗಾಗಿ ಗುಂಪಕ್ಕ ಮೊದಲ ಬಸ್ಸಿಗೂ ಮುಂಚೆ ನಡೆದೇ ಹೊರಡುತ್ತಾರೆ. ಸದ್ದು ಮಾಡುವ ಏನನ್ನೂ ಮೈಮೇಲೆ ಹಾಕುವುದಿಲ್ಲ. ಬಟ್ಟೆ ಒಗೆದು ಒಗೆದು ಮೆತ್ತಗಾದದ್ದೇ ಆಗಬೇಕು. ಬರುವ ಮುಂಚೆ ಎರಡು ಬಾಳೆಹಣ್ಣು ಕಡ್ಡಾಯ. "ಹಸಿದ್ರೆ ಹೊಟ್ಟೆ ಗುರ್ ಅನ್ನತ್ತೆ. ನನಗೆ ಗೊತ್ತಾಗೋ ಮುಂಚೆ ಮೈಕಿಗೆ ಗೊತ್ತಾಗತ್ತೆ. ಒಂದ್ಸಲ ರಾಜಕುಮಾರಿ ಪ್ರಾಣ ಬಿಡ್ತಿದ್ಳು, ಸಖಿಯರೆಲ್ಲ ಅಳ್ತಿದ್ರು, ಅಷ್ಟರಲ್ಲಿ ಒಬ್ಬ ಸಖಿ ಹೊಟ್ಟೆ ಕೂಗ್ತು. ರಾಜಕುಮಾರಿನೇ ಎದ್ದು ಕೂತು ನಕ್ಕುಬಿಟ್ಳು."

ಒಂಬತ್ತರ ಹೊತ್ತಿಗೆ ಇಲ್ಲಿಂದ ಬಿಡುಗಡೆ. ಆಮೇಲೆ ದೊಡ್ಡ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಸಂಜೆಯವರೆಗೆ ಇಸ್ತ್ರಿ. ಹಾಸಿಗೆಯ ಹೊದಿಕೆಗಳು, ವೈದ್ಯರ ನಿಲುವಂಗಿಗಳು, ಪುಟಾಣಿಗಳ ಅಂಗಿಗಳು. ಮನೆ ನಡೆಯುವುದು ಇಸ್ತ್ರಿಯಿಂದ. ಗುಂಪಿನ ಕೆಲಸ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. "ಇಸ್ತ್ರಿ ಹಬೆ ಗಂಟಲಿಗೆ ಒಳ್ಳೇದು. ಸಂಬಳದ ಜೊತೆ ಔಷಧಿ ಪುಕ್ಕಟೆ," ಎನ್ನುತ್ತಾರೆ.

ಈ ಕೆಲಸಕ್ಕೆ ಅವರು ಬಂದದ್ದು ಅಚಾನಕ್ಕಾಗಿ. ಇಪ್ಪತ್ತು ಇಪ್ಪತ್ತೆರಡರ ವಯಸ್ಸಿನಲ್ಲಿ ಒಂದು ದೊಡ್ಡ ಸ್ಟುಡಿಯೋದ ಕಸ ಗುಡಿಸುತ್ತಿದ್ದರು. ಒಂದು ದಿನ ಗುಂಪಿಗೆ ಒಬ್ಬ ಹೆಂಗಸು ಕಡಿಮೆ ಬಿದ್ದಳು. "ಪೊರಕೆ ಇಟ್ಟು ಬಾಮ್ಮ" ಎಂದು ಕರೆದು ಮೈಕಿನ ಮುಂದೆ ನಿಲ್ಲಿಸಿದರು. ಅವತ್ತಿನ ನಾಟಕದಲ್ಲಿ ಎರಡು ಗುಂಪು. ಊರಿನವರಿಗೆ ಬರೆದುಕೊಟ್ಟ ಮಾತಿತ್ತು: ಏನಾಯ್ತು, ಯಾರು ಬಂದರು, ಅಯ್ಯೋ ದೇವರೇ. ಆಚೆದಂಡೆಯವರಿಗೆ ಮಾತಿರಲಿಲ್ಲ. ಆವರಣ ಚಿಹ್ನೆಯೊಳಗೆ 'ಗದ್ದಲ' ಎಂದಷ್ಟೇ ಇತ್ತು.

"ಏನಂತ ಗದ್ದಲ ಮಾಡ್ಬೇಕು ಸಾರ್, ಅಂದೆ. ಏನಂತನೂ ಇಲ್ಲ ಕಣಮ್ಮ, ಅವರು ಹಾಗೇ, ಸುಮ್ನೆ ಗಂಟಲಿಂದ ಸದ್ದು ತೆಗಿ ಅಂದ್ರು. ಪಕ್ಕದಲ್ಲಿ ನಿಂತಿದ್ದವರು ಚೆನ್ನಾಗೇ ತೆಗೀತಿದ್ರು, ಒಬ್ಬರು ಹಂದಿ ಥರ, ಒಬ್ಬರು ಕತ್ತೆ ಥರ. ನಗು ನಗ್ತಾ. ಕೆಟ್ಟ ಜನ ಅಲ್ಲ, ಆಮೇಲೆ ನನ್ನ ಜೊತೆ ಕೂತು ಊಟ ಮಾಡಿದರು. ನನಗೆ ಬಾಯಿ ತೆರೆದ್ರೆ ಸದ್ದೇ ಹೊರಡ್ಲಿಲ್ಲ. ಕೊನೆಗೆ ಮೆಲ್ಲಗೆ, 'ಹಾಲು ಉಕ್ಕತ್ತೆ, ಒಲೆ ನೋಡು' ಅಂದೆ. ನಮ್ಮಮ್ಮ ದಿನಾ ಹೇಳೋ ಮಾತು. ಯಾರಿಗೂ ಕೇಳಿಸ್ಲಿಲ್ಲ. ಗದ್ದಲದಲ್ಲಿ ಗದ್ದಲ ಆಗಿ ಹೋಯ್ತು."

ಅಲ್ಲಿಂದ ಇಲ್ಲಿಯವರೆಗೂ ಅದೇ ಅವರ ಪದ್ಧತಿ. ಗುಂಪಿನಲ್ಲಿ ಯಾರದೇ ದನಿಯಾದರೂ ಅದಕ್ಕೆ ಒಂದು ಮಾತಿರಬೇಕು. ಅದೂ ಮನೆಯೊಳಗಿನ ಮಾತು. ಕಳ್ಳರ ಗುಂಪಿರಲಿ, ಶತ್ರುಸೈನ್ಯವಿರಲಿ, ಕಾಡುಜನರೆಂದು ಬರೆದಿರಲಿ, ಅವರು ಕೊಡುವುದು 'ಕೊಡೆ ಮರೆತು ಬಂದೆನಲ್ಲೋ' ಎಂಬಂಥ ಮಾತುಗಳನ್ನೇ. ವರ್ಷಗಟ್ಟಲೆ ಯಾರೂ ಗಮನಿಸಿರಲಿಲ್ಲ. ಗಮನಿಸಿದವಳು ಒಬ್ಬಳೇ, ದೂರದ ಊರಿಗೆ ಮದುವೆಯಾಗಿ ಹೋದ ಅವರ ತಂಗಿ. ಗದ್ದಲದ ನಡುವೆಯೂ ಅವಳಿಗೆ ಅಮ್ಮನ ಮಾತು ಸಿಕ್ಕುತ್ತದೆ. ಫೋನು ಮಾಡಿ ಜಗಳಕ್ಕೆ ನಿಲ್ಲುತ್ತಾಳೆ.

"ಅಲ್ಲ ಕಣೇ, ಅಮ್ಮನ್ನ ಎಷ್ಟು ಸಲ ಸಾಯಿಸ್ತೀಯ? ಹೋದ ತಿಂಗಳು ಪ್ರವಾಹದಲ್ಲಿ ಹಾಲು ಉಕ್ಕತ್ತೆ ಅಂದ್ಳು, ಈ ತಿಂಗಳು ಕೋಟೆ ಬಿದ್ದಾಗ್ಲೂ ಹಾಲು ಉಕ್ಕತ್ತೆ ಅಂದ್ಳು."

"ಏನ್ ಮಾಡೋದು, ಅಮ್ಮ ಹಾಲು ಇಟ್ಟಾಗ್ಲೇ ಎಲ್ಲಾ ಆಗತ್ತೆ."

"ನಮ್ಮತ್ತೆ ಮಾತು ಕೊಡ್ತೀನಿ ತಗೋ. ಎಷ್ಟು ಸಲ ಬೇಕಾದ್ರೂ ಮುಳುಗಿಸು."

ಈಗ ಕಾಲ ಬದಲಾಗಿದೆ. ಮೈಕುಗಳು ಚುರುಕಾಗಿವೆ. ಜನ ಕತೆಯನ್ನು ಕಿವಿಯೊಳಗೇ ಇಟ್ಟುಕೊಂಡು ಕೇಳುತ್ತಾರೆ. ಹಿಂದೆ ಕಲಸಿಹೋಗುತ್ತಿದ್ದ ಮಾತು ಈಗ ಬಿಡಿಬಿಡಿಯಾಗಿ ಕೇಳಿಸುತ್ತದೆ. ತೊಡಕು ಶುರುವಾದದ್ದು ಅಲ್ಲಿಯೇ.

ಯಾಕೆ ಊಳಿಡುವುದಿಲ್ಲ ಎಂದು, ಅವರ ಬಗ್ಗೆ ಪತ್ರಿಕೆಗೆ ಬರೆಯಲು ಬಂದ ನಾನು ಕೇಳಿದರೆ ಗುಂಪಕ್ಕ ಮೊದಲಿಗೆ "ಗಂಟಲು ಕೆಡತ್ತೆ" ಎಂದು ಹಾರಿಸಿಬಿಡುತ್ತಾರೆ. ಮೆಟ್ಟಿಲ ಮೇಲೆ ಕೂತು, ಬಿಸಿನೀರಿನ ಲೋಟ ಎರಡೂ ಕೈಯಲ್ಲಿ ಹಿಡಿದ ಮೇಲೆ ನಿಧಾನವಾಗಿ ಹೇಳುತ್ತಾರೆ. ಅವರಿಗಾಗ ಏಳು ವರ್ಷ. ಅವರ ಜನರ ಹಿರಿಯರು ಎಂದೋ ನದಿ ದಾಟಿ ಬಂದವರು. ಆಡುವ ಭಾಷೆ ಊರಿನವರದೇ, ಕೊಳ್ಳುವ ಅಂಗಡಿ ಊರಿನದೇ. ಆ ವರ್ಷ ಮೊದಲು ಕೆಟ್ಟದ್ದು ಮಾತು ಎಂದು ಅವರ ತಾಯಿ ಹೇಳುತ್ತಿದ್ದರಂತೆ.

"ಮೊದಲು ನಾವು 'ಆ ಬೀದಿಯವರು'. ಆಮೇಲೆ ಬರೀ 'ಅವರು'. ಆಮೇಲೆ ಒಂದು ದಿನ ಅಂಗಡಿಯವನು ಒಳಗಿನವನಿಗೆ, 'ಅವಕ್ಕೆ ಎಣ್ಣೆ ಇಲ್ಲ ಅಂತ ಹೇಳು' ಅಂದನಂತೆ. ನಮ್ಮಮ್ಮ ಎದುರಿಗೇ ನಿಂತಿದ್ದಾಳೆ, ಬಾಟ್ಲಿ ಹಿಡ್ಕೊಂಡು. ಮನೆಗೆ ಬಂದು ಅಪ್ಪನ ಹತ್ತಿರ, 'ನಾವು ಇವತ್ತಿಂದ ಅವು ಆದ್ವಿ' ಅಂದ್ಳು. ಗೋಡೆ ಮೇಲೆ ಗೆದ್ದಲು ಅಂತ ಬರೆದ್ರು. ಎಣಿಸೋಕೆ ಬಂದವರು ಎಷ್ಟು ಜನ ಅನ್ಲಿಲ್ಲ, ಎಷ್ಟು ತಲೆ ಅಂದ್ರು. ರೇಡಿಯೋದಲ್ಲಿ ದಿನಾ ಒಂದು ನಾಟಕ ಬರ್ತಿತ್ತು. ಅದರಲ್ಲಿ ನಮ್ಮೋರು ಬಂದ್ರೆ ಬರೀ ಕೂಗು. ನಾವು ಮಕ್ಕಳೂ ಅದನ್ನ ಕೇಳಿ ನಗ್ತಿದ್ವಿ, ನಮ್ಮನ್ನೇ ಅಂತ ಗೊತ್ತಿಲ್ದೆ."

ಬೀದಿಗೆ ಬೆಂಕಿ ಬಿದ್ದ ದಿನ ಅವರ ಮನೆಯ ಬಾಗಿಲಿಗೆ ಯಾರೋ ಹೊರಗಿನಿಂದ ಚಿಲಕ ಹಾಕಿದ್ದರು. ಅಪ್ಪ ಹಿಂಬದಿಯ ಗವಾಕ್ಷಿ ಒಡೆದು ಮಕ್ಕಳಿಬ್ಬರನ್ನೂ ಆಚೆ ದಾಟಿಸಿದರು, ಆಮೇಲೆ ಅಮ್ಮನನ್ನು, ಕೊನೆಗೆ ತಾವೂ ಹೇಗೋ ತೂರಿ ಬಂದರು. ಅಜ್ಜಿಗೆ ಆಗಲಿಲ್ಲ. ಅಷ್ಟು ಹೊತ್ತೂ ಅಮ್ಮ ಪಕ್ಕದ ಮನೆಯ ಗೋಡೆಯ ಕಡೆಗೆ ಒಂದೇ ಮಾತು ಕೂಗುತ್ತಿದ್ದರು: 'ಹೊರಗಡೆಯಿಂದ ಚಿಲಕ ಹಾಕಿದಾರೆ, ತೆಗೀರಿ.'

"ಮಾರನೇ ಬೆಳಿಗ್ಗೆ ಆ ಮನೆಯಾಕೆ ನಮಗೆ ಕಂಬಳಿ ತಂದ್ಕೊಟ್ರು. ತಮ್ಮ ಮಗಳ ಅಂಗಿ ತಂದು ನಂಗೆ ಹಾಕಿದ್ರು. ಅತ್ತುಬಿಟ್ರು ಪಾಪ. 'ಕೂಗು ಕೇಳಿಸ್ತು ಕಣಮ್ಮ, ನಿಮ್ಮ ಕಡೆಯವರು ಹಾಗೇ ಕೂಗ್ತಾರಲ್ಲ ಅಂದ್ಕೊಂಡ್ವಿ, ರೇಡಿಯೋದಲ್ಲೂ ಬರತ್ತಲ್ಲ. ಅದು ಮಾತು ಅಂತ ಹೊಳೀಲೇ ಇಲ್ಲ' ಅಂದ್ರು. ಸುಳ್ಳು ಹೇಳ್ಲಿಲ್ಲ ಅವರು. ನನಗೆ ಇವತ್ತಿಗೂ ಭಯ ಆಗೋದು ಅದಕ್ಕೇ. ಕೆಟ್ಟವರಾಗಿದ್ರೆ ಬೈದು ಸುಮ್ನಾಗಬಹುದಿತ್ತು. ಕಂಬಳಿ ತಂದ ಕೈ ಅದು."

ಲೋಟದ ನೀರು ಆರಿದೆ. "ಎಲ್ಲಾ ಮಾತೂ ಗುಂಪಿಗೆ ಕೊಟ್ಟಿದೀನಿ. ಅಮ್ಮಂದು, ಅಜ್ಜಿದು, ತಂಗಿ ಅತ್ತೇದು ಕೂಡ. ಆ ಒಂದು ಮಾತು ಮಾತ್ರ ಎಲ್ಲೂ ಆಡಿಲ್ಲ. ಬಾಯಿಗೇ ಬಂದಿಲ್ಲ." ಈ ಕತೆಯನ್ನು ಸ್ಟುಡಿಯೋದಲ್ಲಿ ಯಾರಿಗೂ ಹೇಳಿಲ್ಲವಂತೆ. ಕಿವಿಗೆ, ನಿರ್ದೇಶಕಿಗೆ ಗೊತ್ತಿರುವುದು ಇಷ್ಟೇ: ಅಕ್ಕ ಆಚೆದಂಡೆಯವರು, ಸ್ವಲ್ಪ ಹಟಮಾರಿ.

ಮೂರು ವಾರದ ಹಿಂದೆ ಏನಾಯಿತೆಂದು ದಳಪತಿಯೇ ಹೇಳಬೇಕು. ದಳಪತಿ ಎಂದರೆ ಆ ಪಾತ್ರಕ್ಕೆ ದನಿ ಕೊಡುವ ಹಿರಿಯ ನಟ. ಮೈಕಿನ ಮುಂದೆ ಊರು ಸುಡುತ್ತಾರೆ, ಮೈಕು ಬಿಟ್ಟರೆ ಎಲ್ಲರಿಗೂ ಗಂಟಲ ಗುಳಿಗೆ ಹಂಚುತ್ತಾರೆ. ಇವತ್ತು ಅವರೂ ಬಂದಿದ್ದಾರೆ.

"ನಗೋದು ನನ್ನ ಹೊಟ್ಟೆಪಾಡು. ಎಂಥಾ ನಗು ಬೇಕು ಹೇಳಿ, ನಿಂತಲ್ಲೇ ನಗ್ತೀನಿ. ಅವತ್ತು ಗುಂಪಕ್ಕನ ಗದ್ದಲ ಹೆಡ್‌ಫೋನಲ್ಲಿ ನನಗೆ ಹಾಕಿದ್ರು, ಅದನ್ನ ಕೇಳ್ತಾ ನಾನು ನಗ್ಬೇಕು. ಬಾಯಿ ತೆರೆದೆ. ಅಷ್ಟರಲ್ಲಿ ಒಳಗೆ ಯಾರೋ ಹೆಂಗಸು, 'ರೀ, ಮಾತ್ರೆ ತಗೊಂಡ್ರಾ?' ಅಂದಳು. ನನ್ನ ಹೆಂಡತಿ ಕೇಳೋ ಹಾಗೇ ಸ್ವಾಮಿ, ಅದೇ ಧಾಟಿ. ನಗು ಗಂಟಲಲ್ಲೇ ನಿಂತುಹೋಯ್ತು. ಮತ್ತೆ ತಗೊಂಡ್ವಿ, ಮತ್ತೆ ನಿಂತುಹೋಯ್ತು. ಆಮೇಲೆ ಏನೂ ತೋಚದೆ ಕೆಮ್ಮಿದೆ."

"ನಾನು ಕೆಟ್ಟದೇನೂ ಅನ್ನಲಿಲ್ವಲ್ಲ," ಎನ್ನುತ್ತಾರೆ ಗುಂಪಕ್ಕ.

"ಕೆಟ್ಟದು ಅಂದಿದ್ರೆ ಆರಾಮಾಗಿ ನಗ್ತಿದ್ನಲ್ಲಮ್ಮ!"

ಸುದ್ದಿ ಮೇಲಿನವರಿಗೆ ಹೋಯಿತು. ಕಾರ್ಯಕ್ರಮದ ಮುಖ್ಯಸ್ಥರು ಹೇಳಿ ಕಳಿಸಿದರು: ಕಾದಂಬರಿಯಲ್ಲಿ ಊಳಿಟ್ಟಿತು ಎಂದಿದೆ, ಊಳಿಡಿಸಿ. ಅವರ ಕಷ್ಟವೂ ಕಷ್ಟವೇ. ಕಾದಂಬರಿಯ ಒಂದು ಅಕ್ಷರ ಆಚೀಚೆಯಾದರೂ ಕೇಳುಗರ ದೂರು ರಾಶಿ ಬೀಳುತ್ತದೆ. ನಿರ್ದೇಶಕಿಯೂ ಆ ಕಾದಂಬರಿಯನ್ನು ಓದಿಯೇ ಬೆಳೆದವರು. "ಬಾಯಿಗೆ ಬರತ್ತೆ ನನಗೆ. ಮೊನ್ನೆ ಈ ಕಂತಿಗೋಸ್ಕರ ಮತ್ತೆ ಓದಿದೆ. ದಳಪತಿ ಸತ್ತಾಗ ಅವನ ಕುದುರೆ ಅಳತ್ತೆ, ಒಂದು ಪುಟ ಪೂರ್ತಿ. ಮೂರು ದಿನ ಹುಲ್ಲು ಮುಟ್ಟಲ್ಲ. ಚಿಕ್ಕವಳಿದ್ದಾಗ ಅದನ್ನ ಓದಿ ನಾನೂ ಅತ್ತಿದ್ದೆ. ಈ ಜನ ಅಷ್ಟು ದೊಡ್ಡ ಪುಸ್ತಕದಲ್ಲಿ ಒಂದ್ಸಲನೂ ಬಾಯಿ ತೆರೆದು ಮಾತಾಡಲ್ಲ ಅಂತ ಈಗಲೇ ಕಂಡಿದ್ದು," ಎನ್ನುತ್ತಾರೆ. ಆದರೂ ನರಿಗಳನ್ನು ಹಾಕಿ ನೋಡಿದ್ದಾರೆ. ನನಗೂ ಕೇಳಿಸಿದರು. ನರಿಗಳೇನೋ ಜೋರಾಗಿಯೇ ಕೂಗುತ್ತವೆ. ಆದರೆ ದಳಪತಿ ಯಾವುದೋ ಪೊದೆಗೆ ಬೆಂಕಿ ಇಟ್ಟು ನಗುತ್ತಿರುವಂತೆ ಕೇಳುತ್ತದೆ. ಮೈ ನಡುಗುವುದಿಲ್ಲ. ಏನೂ ಆಗುವುದಿಲ್ಲ.

ಈಗ ಗುಂಪಕ್ಕನ ದನಿಯ ಪದರುಗಳೆಲ್ಲ ಒಂದರ ಮೇಲೊಂದು ಕೂತಾಗಿದೆ. ಚಪ್ಪಲಿ, ಮೊಣಕಾಲು, ಮಗು, ಗಂಟು. ನಿರ್ದೇಶಕಿ ಕಣ್ಣುಮುಚ್ಚಿ ಕೇಳಿ ತಲೆಯಾಡಿಸುತ್ತಾರೆ.

"ಚೆನ್ನಾಗಿದೆ. ಆದ್ರೆ ಎಲ್ಲರೂ ದೂರ ಇದಾರಕ್ಕ. ಹತ್ತಿರದ್ದೊಂದು ದನಿ ಬೇಕು. ದಳಪತಿಯ ಕಿವಿ ಪಕ್ಕದಲ್ಲೇ ಇದ್ದಂಗೆ."

"ಏನು ಹೇಳ್ಲಿ?"

"ನೀವೇ ನೋಡಿ."

ಕಿವಿ ಬಾಗಿಲೆಳೆದು ಹೊರಗಿನಿಂದ ಚಿಲಕ ಹಾಕುತ್ತಾನೆ. ಕೆಂಪು ದೀಪ ಹತ್ತುತ್ತದೆ. ಈ ಸಲ ಬಕೆಟ್ಟಿಲ್ಲ, ಶಾಲಿಲ್ಲ. ಗುಂಪಕ್ಕ ಮೈಕಿಗೆ ತೀರ ಹತ್ತಿರ ಬಂದು ನಿಲ್ಲುತ್ತಾರೆ. ಕಿವಿ ಗುಂಡಿಗಳನ್ನು ನೋಡುತ್ತಾ ತಲೆ ತಗ್ಗಿಸಿ ಕೂತಿದ್ದಾನೆ. ಆಮೇಲೆ, ಯಾರದೋ ದನಿಯಲ್ಲಲ್ಲ, ಮೆಟ್ಟಿಲ ಮೇಲೆ ಕೂತು ಮಾತಾಡಿದ ಅದೇ ದನಿಯಲ್ಲಿ, ಕಿರುಚದೆ, ಗಾಬರಿಯನ್ನು ಹಲ್ಲು ಕಚ್ಚಿ ತಡೆದವರಂತೆ:

"ರೀ, ಕೇಳಿಸ್ತಿದೆಯಾ? ಹೊರಗಡೆಯಿಂದ ಚಿಲಕ ಹಾಕಿದಾರೆ. ತೆಗೀರಿ. ಚಿಲಕ ತೆಗೀರಿ."

ಧಡ್ ಎಂದು ಕುರ್ಚಿ ಉರುಳುತ್ತದೆ. ಕಿವಿ ತಲೆಯ ಮೇಲಿನ ಹೆಡ್‌ಫೋನಿನ ತಂತಿಯನ್ನೂ ಎಳೆದುಕೊಂಡೇ ಓಡಿ, ಟಕ್ಕನೆ ಚಿಲಕ ತೆಗೆದು ಬಾಗಿಲು ದೂಡುತ್ತಾನೆ.

"ಏನಾಯ್ತಕ್ಕ? ಉಸಿರು ಕಟ್ತಾ?"

ಕೆಂಪು ದೀಪ ಉರಿಯುತ್ತಲೇ ಇದೆ. ಗುಂಪಕ್ಕ ಅವನನ್ನೇ ನೋಡುತ್ತಾ ನಿಂತಿದ್ದಾರೆ. ಕೊನೆಗೆ ನಿರ್ದೇಶಕಿ ತಲೆ ಚಚ್ಚಿಕೊಳ್ಳುತ್ತಾರೆ.

"ಟೇಕ್ ನಡೀತಿತ್ತು ಕಣೋ, ಪುಣ್ಯಾತ್ಮ!"

"ಅವರೇ ತೆಗೀರಿ ಅಂದ್ರಲ್ಲ!" ಕಿವಿಯ ಮುಖ ಬೆಪ್ಪಾಗಿದೆ. "ಚಿಲಕ ಹಾಕಿದ್ದು ನಾನೇ ಅಲ್ವಾ? ನಂಗೇ ಹೇಳಿದ್ದು ಅಂದ್ಕೊಂಡೆ."

ಇಷ್ಟು ವರ್ಷದ ಕೆಲಸದಲ್ಲಿ ಸಾಯುವವರ, ಮುಳುಗುವವರ, ಬಿದ್ದವರ ಕೂಗನ್ನು ಸಾವಿರ ಸಲ ಕೇಳಿ ಕೂತಲ್ಲಿಂದ ಅಲುಗದ ಮನುಷ್ಯ ಅವನು. ದಳಪತಿ ನಗಲು ಶುರು ಮಾಡುತ್ತಾರೆ. ಈ ಸಲ ನಗು ಅರ್ಧಕ್ಕೆ ನಿಲ್ಲುವುದಿಲ್ಲ. ಗುಂಪಕ್ಕ ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಮೆಲ್ಲಗೆ ಕೂರುತ್ತಾರೆ. ಕಿವಿಯ ಅಂಗಿಯ ತೋಳು ಹಿಡಿದುಕೊಂಡು ಹೇಳುತ್ತಾರೆ, "ಎಷ್ಟು ಬೇಗ ಬಂದ್ಯಲ್ಲೋ!"

ಅದಕ್ಕೆ ಏನರ್ಥ ಎಂದು ಕಿವಿಗೆ ಗೊತ್ತಿಲ್ಲ. "ನಾಲ್ಕು ಹೆಜ್ಜೆ ಅಲ್ವಾ ಅಕ್ಕ" ಎಂದು ತಲೆ ಕೆರೆದುಕೊಳ್ಳುತ್ತಾನೆ.

ನಿರ್ದೇಶಕಿ ಅಷ್ಟರಲ್ಲಿ ಫೋನು ತೆಗೆದಿದ್ದಾರೆ. ಆ ಕಡೆ ಮುಖ್ಯಸ್ಥರು. ಈ ಕಡೆಯ ಮಾತು ಮಾತ್ರ ನಮಗೆ ಕೇಳಿಸುತ್ತದೆ. "ಹೌದು ಸರ್, ಮಾತೇ ಇದೆ... ಕಾದಂಬರಿಯಲ್ಲಿಲ್ಲ, ಗೊತ್ತು. ಆ ವಾಕ್ಯ ತೆಗೆದಿಲ್ಲ ಸರ್, ನಿರೂಪಕರು ಊಳಿಟ್ಟಿತು ಅಂತ ಓದೇ ಓದ್ತಾರೆ. ಅದರ ಕೆಳಗೆ ಇವರು ಮಾತಾಡ್ತಿರ್ತಾರೆ. ಯಾವುದನ್ನ ನಂಬಬೇಕು ಅಂತ ಕೇಳೋರೇ ನೋಡ್ಕೊಳ್ಲಿ... ನರಿ ಹಾಕಿದ್ರೆ ಯಾರೂ ಹೆದರಲ್ಲ ಸರ್. ಒಂದ್ಸಲ ಕೇಳಿ, ಈಗಲೇ ಹಾಕ್ತೀನಿ."

ಫೋನಿನ ದನಿ ಏರಿಸಿ ಅದನ್ನು ಸ್ಪೀಕರಿನ ಮುಂದೆ ಹಿಡಿಯುತ್ತಾರೆ. ಕಿವಿ ಗುಂಡಿ ಒತ್ತುತ್ತಾನೆ. ಚಪ್ಪಲಿ ಹುಡುಕುವವರು, ಮೊಣಕಾಲಿನ ಮುದುಕ, ಮಗು, ಗಂಟು. ಅವರೆಲ್ಲರ ಮುಂದೆ ಆ ಒಂದು ಮಾತು. ಕುರ್ಚಿ ಬೀಳುವ ಮುಂಚೆ ಕಿವಿ ನಿಲ್ಲಿಸುತ್ತಾನೆ. ಗುಂಪಕ್ಕ ಬಕೆಟ್ಟಿನ ಮೇಲೆ ಕೂತು ಶಾಲನ್ನು ಮಡಿಸುತ್ತಿದ್ದಾರೆ, ಬಿಚ್ಚುತ್ತಿದ್ದಾರೆ, ಮತ್ತೆ ಮಡಿಸುತ್ತಿದ್ದಾರೆ. ಇಸ್ತ್ರಿಯ ಕೈ. ಅಂಚಿಗೆ ಅಂಚು ಕೂಡುವವರೆಗೆ ಬಿಡುವುದಿಲ್ಲ.

ಫೋನಿನಿಂದ ಮುಖ್ಯಸ್ಥರ ದನಿ ಈಗ ಎಲ್ಲರಿಗೂ ಕೇಳಿಸುತ್ತದೆ. "ಆಮೇಲೆ? ಯಾರಾದ್ರೂ ತೆಗೀತಾರಾ?"

"ಕಾದಂಬರಿಯಲ್ಲಿ ಯಾರೂ ತೆಗೆಯಲ್ಲ ಸರ್."

ಮೇಲಿನ ಅಂಗಡಿಯ ಬಾಗಿಲು ಮೇಲೇರುವ ಕರಕರ ಶಬ್ದ.

"ಸರಿ. ಇದನ್ನೇ ಕಳ್ಸಿ. ದೂರು ಬಂದ್ರೆ ನನಗೆ ಕೊಡಿ ಫೋನು."

ದಳಪತಿ ಎಲ್ಲರಿಗೂ ಗಂಟಲ ಗುಳಿಗೆ ಹಂಚುತ್ತಾರೆ, ನನಗೂ ಒಂದು. ಅವರ ನಗುವೂ ಹಾಗೇ ಅರ್ಧಕ್ಕೆ ನಿಂತು ಕೆಮ್ಮಾಗುವುದೆಂದು ತೀರ್ಮಾನವಾಗುತ್ತದೆ. "ನರಿಗಳ ಕತೆ ಏನು?" ಎಂದು ಕಿವಿ ಕೇಳಿದರೆ ಗುಂಪಕ್ಕ, "ಪಾಪ, ಅವನ್ನ ಕಾಡಿಗೆ ಬಿಡಪ್ಪ," ಎನ್ನುತ್ತಾರೆ. ಹೊರಡುವ ಮುಂಚೆ ಕಿವಿಯ ಹತ್ತಿರ ಏನೋ ಪಿಸುಗುಟ್ಟುತ್ತಾರೆ. ಅವನು ಮೊದಲು ಅರ್ಥವಾಗದೆ ನೋಡಿ, ಆಮೇಲೆ ಅವರ ಫೋನು ಇಸಿದುಕೊಂಡು ಯಂತ್ರಕ್ಕೆ ಸಿಕ್ಕಿಸುತ್ತಾನೆ.

ಆಸ್ಪತ್ರೆಯ ಕಡೆ ಸರಸರ ನಡೆಯುವ ಅವರ ಜೊತೆ ಹೆಜ್ಜೆ ಹಾಕುತ್ತಾ, ಇನ್ನೇನಾದರೂ ಆಸೆಯಿದೆಯೇ ಎಂದು ಕೇಳುತ್ತೇನೆ. ಹೆಸರು ಹೇಳಬೇಕೆನ್ನುತ್ತಾರೇನೋ, ದೊಡ್ಡ ಪಾತ್ರ ಬೇಕೆನ್ನುತ್ತಾರೇನೋ ಎಂದುಕೊಂಡರೆ ಅವರದು ಬೇರೆಯೇ ಲೆಕ್ಕ.

"ಒಂದು ನಾಟಕ ಬೇಕು. ಅದರಲ್ಲಿ ನಮ್ಮೋರು ಸುಮ್ನೆ ಜಗಳ ಆಡ್ಬೇಕು. ಉಪ್ಪು ಯಾರು ತರ್ಬೇಕಿತ್ತು ಅಂತ. ಬೆಂಕಿ ಬೇಡ, ಸೈನಿಕರು ಬೇಡ, ಯಾರೂ ಸಾಯೋದು ಬೇಡ. ನಾಟಕ ಮುಗಿಯೋ ಹೊತ್ತಿಗೂ ಉಪ್ಪು ಬಂದಿರಬಾರ್ದು. ಅಂಥದ್ದು ಯಾರಾದ್ರೂ ಬರೆದ್ರೆ ದುಡ್ಡಿಲ್ದೆ ಮಾಡ್ಕೊಡ್ತೀನಿ."

ಸಂಜೆ ಅವರ ಮನೆಗೆ ಹೋಗುತ್ತೇನೆ. ಎರಡನೆಯ ಮಹಡಿಯಲ್ಲಿ ಒಂದು ಕೋಣೆ, ಒಂದು ಅಡುಗೆಮೂಲೆ. ಬಾಗಿಲು ಅಗಲಕ್ಕೆ ತೆರೆದೇ ಇದೆ. ತಾಯಿಗೆ ಎಂಬತ್ತು ದಾಟಿದೆ. ಒಂದು ಕಿವಿ ಪೂರ್ತಿ ಹೋಗಿದೆ, ಇನ್ನೊಂದು ಮನಸ್ಸಿದ್ದಾಗ ಕೇಳುತ್ತದೆ. ಮಗಳು ಇಸ್ತ್ರಿಯ ಕೆಲಸ ಮುಗಿಸಿ ಬಂದವರು ಕೈಕಾಲೂ ತೊಳೆಯದೆ ತಾಯಿಯ ಪಕ್ಕ ಕೂತು, ಫೋನನ್ನು ಆ ಒಳ್ಳೆಯ ಕಿವಿಗೆ ಒತ್ತಿ ಹಿಡಿಯುತ್ತಾರೆ. ಬೆಳಿಗ್ಗೆ ಸ್ಟುಡಿಯೋದಲ್ಲಿ ಆ 'ಕಿವಿ'ಯ ಹತ್ತಿರ ಕೇಳಿ ತಂದದ್ದು ಇದನ್ನೇ. ಪ್ರಸಾರವಾಗುವ ತುಂಡಲ್ಲ, ಹಾಳಾದ ಆ ಟೇಕು, ಕೊನೆಯವರೆಗೂ.

ತಾಯಿ ಕಣ್ಣು ಕಿರಿದು ಮಾಡಿ ಕೇಳುತ್ತಾರೆ. ತಮ್ಮ ಮಾತು, ಮಗಳ ದನಿಯಲ್ಲಿ. ಮುಖದಲ್ಲಿ ಏನೂ ಅಲುಗುವುದಿಲ್ಲ. ಆಮೇಲೆ ಕುರ್ಚಿ ಬಿದ್ದ ಸದ್ದು, ಓಡಿದ ಹೆಜ್ಜೆ, ಟಕ್.

"ಯಾರದು?"

"ನಮ್ಮ ಜೊತೆ ಕೆಲಸ ಮಾಡೋನಮ್ಮ."

"ನಮ್ಮೋನಾ?"

"ಅಲ್ಲ. ಊರಿನವನು."

"ಕೇಳಿಸ್ತಂತಾ ಅವನಿಗೆ?"

"ಕೇಳಿಸ್ತಂತೆ."

ತಾಯಿ ಸ್ವಲ್ಪ ಹೊತ್ತು ತೆರೆದ ಬಾಗಿಲನ್ನು ನೋಡುತ್ತಾ ಕೂರುತ್ತಾರೆ. ಒಲೆಯ ಮೇಲೆ ಹಾಲು ಉಕ್ಕಲು ಬಂದಿದೆ. ಇವತ್ತು ಅದನ್ನು ನೋಡು ಎಂದು ಯಾರೂ ಹೇಳುವುದಿಲ್ಲ. ನಾನೇ ಎದ್ದು ಒಲೆ ಆರಿಸುತ್ತೇನೆ. ಆಮೇಲೆ ಅವರು ಮಗಳ ಕೈಯನ್ನು ಫೋನಿನ ಸಮೇತ ಮತ್ತೆ ಕಿವಿಗೆ ಎಳೆದುಕೊಳ್ಳುತ್ತಾರೆ.

"ಇನ್ನೊಂದ್ಸಲ ಹಾಕು. ಕೂಗೋದು ಬೇಡ, ಅದು ನಂಗೆ ಗೊತ್ತು. ಚಿಲಕ ತೆಗೆಯೋದು ಹಾಕು."